ಅಂಕಸಮುದ್ರದ ಹಕ್ಕಿ, ಗುಡೇಕೋಟೆಯ ಕರಡಿ: ಪ್ರವಾಸಿ ಬಂದ್ರೆ ಊರಿಗೇನು?

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲೂಕುಗಳ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಈ ಹೊತ್ತು ನಮಗೆ ಕೊಟ್ಟಿರುವ ವಿಷಯ ಪ್ರವಾಸೋದ್ಯಮ. ಪ್ರವಾಸ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಹಂಪಿ. ಅದು ಬಿಟ್ಟರೆ ಕೊಟ್ಟೂರಿನ ತೇರು, ಮೈಲಾರದ ಕಾರ್ಣಿಕ, ಉಚ್ಚಂಗಿದುರ್ಗದ ಜಾತ್ರೆ. ಲಕ್ಷಾಂತರ ಜನ ನಡೆದು ಬರುತ್ತಾರೆ, ಬಂಡಿ ಕಟ್ಟಿಕೊಂಡು ಬರುತ್ತಾರೆ, ಬುತ್ತಿ ತಂದು ಉಣ್ಣುತ್ತಾರೆ, ಹೋಗುತ್ತಾರೆ. ಅದನ್ನು ನಾವು ಪ್ರವಾಸೋದ್ಯಮ ಅಂತ ಕರೆಯುವುದಿಲ್ಲ. ಆದರೆ ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ತರಹದ ಜನ ನಮ್ಮ ಸೀಮೆಗೆ ಬರತೊಡಗಿದ್ದಾರೆ. ಕೊರಳಿಗೆ ದುರ್ಬೀನು, ಕೈಯಲ್ಲಿ ಮಾರುದ್ದದ ಕ್ಯಾಮೆರಾ. ದೇವರನ್ನು ನೋಡಲು ಅಲ್ಲ, ಕೊಕ್ಕರೆ ನೋಡಲು ಬಂದವರು. ಅವರು ಬರುವ ಊರು ಅಂಕಸಮುದ್ರ.

ಹಗರಿಬೊಮ್ಮನಹಳ್ಳಿ ತಾಲೂಕಿನ ಅಕ್ಕಂದಿರಿಗೆ ಇದು ಹೊಸ ಸುದ್ದಿಯಲ್ಲ. ಹರಪನಹಳ್ಳಿ, ಕೂಡ್ಲಿಗಿ ಕಡೆಯವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ. ಅಂಕಸಮುದ್ರದ ಕೆರೆ ಹಿಂದಿನವರು ಹೊಲಕ್ಕೆ ನೀರು ಬೇಕೆಂದು ಕಟ್ಟಿಸಿದ ಶತಮಾನಗಳ ಹಳೆಯ ಕೆರೆ. ವಿಸ್ತಾರ ಸುಮಾರು 244 ಎಕರೆ. ಕೆರೆಯ ಒಳಗೇ ಕರಿಜಾಲಿ ಗಿಡಗಳು ನಿಂತಿವೆ, ಆ ಗಿಡಗಳ ತುಂಬಾ ಗೂಡು. 2017ರಲ್ಲಿ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ ಎಂದು ಘೋಷಿಸಿತು. 2024ರ ಜನವರಿ 31ರಂದು ಇನ್ನೂ ದೊಡ್ಡ ಸುದ್ದಿ ಬಂತು. ಇರಾನ್ ದೇಶದ ರಾಮ್ಸಾರ್ ಎಂಬ ಊರಿನಲ್ಲಿ 1971ರಲ್ಲಿ ಜೌಗು ಪ್ರದೇಶಗಳ ರಕ್ಷಣೆಗೆಂದು ಒಂದು ಅಂತರರಾಷ್ಟ್ರೀಯ ಒಪ್ಪಂದವಾಗಿತ್ತು. ಆ ಒಪ್ಪಂದದ ಪಟ್ಟಿಗೆ ನಮ್ಮ ದೇಶದ ಐದು ತಾಣಗಳು ಆ ದಿನ ಸೇರಿದ ಪ್ರಕಟಣೆಯಾಯಿತು. ಅದರಲ್ಲಿ ಮೂರು ಕರ್ನಾಟಕದವು: ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಅದಕ್ಕೂ ಮುಂಚೆ ಕರ್ನಾಟಕದಿಂದ ಆ ಪಟ್ಟಿಯಲ್ಲಿ ಇದ್ದದ್ದು ರಂಗನತಿಟ್ಟು ಒಂದೇ, ಅದೂ 2022ರಲ್ಲಿ ಸೇರಿದ್ದು. ಬರಗಾಲದ ಸೀಮೆ ಅಂತ ಹೆಸರಾದ ನಮ್ಮ ಕಡೆಯ ಒಂದು ಹಳ್ಳಿ ಕೆರೆ ಲೋಕದ ಪಟ್ಟಿಯೊಳಗೆ ಬಂತು. ಹೆಮ್ಮೆ ಪಡುವ ಮಾತು, ಪಡೋಣ.

ಆ ಸಂದರ್ಭದಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ. ಸುಮಾರು 240 ಜಾತಿಯ ಹಕ್ಕಿಗಳು, 210ಕ್ಕೂ ಹೆಚ್ಚು ಬಗೆಯ ಗಿಡ-ಬಳ್ಳಿಗಳು, 41 ಜಾತಿ ಮೀನು. 30 ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ ಅಥವಾ ರಾತ್ರಿ ತಂಗುತ್ತವೆ. ಬಣ್ಣದ ಕೊಕ್ಕರೆ ಮತ್ತು ಕಪ್ಪು ತಲೆಯ ಕೆಂಬರಲು, ಈ ಎರಡು ಜಾತಿಗಳ ಈ ಭಾಗದ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚು ಈ ಒಂದೇ ಕೆರೆಯನ್ನು ನಂಬಿಕೊಂಡಿವೆ. ನೂರಕ್ಕೆ ಒಂದು ಅಂದ್ರೆ ಕಡಿಮೆ ಅಲ್ಲೇನು ಅಂತ ಕೇಳಬಹುದು. ನೋಡ್ರಿ, ಎಷ್ಟೊಂದು ಕೆರೆ, ಎಷ್ಟೊಂದು ಹೊಳೆ ಇರುವ ನಾಡಿನಲ್ಲಿ ಒಂದು ಹಳ್ಳಿಯ ಕೆರೆಗೆ ಅದು ಬಹಳ ದೊಡ್ಡ ಪಾಲು.

ಈ ಹಕ್ಕಿಗಳು ಇಲ್ಲಿಗೇ ಯಾಕೆ ಬಂದವು ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು. ಇದು ತಿಳಿಯದೆ ಪ್ರವಾಸೋದ್ಯಮದ ಮಾತು ಆಡಿ ಪ್ರಯೋಜನವಿಲ್ಲ. ಕರಿಜಾಲಿಗೆ ಮುಳ್ಳು, ಕೆಳಗೆ ನೀರು. ನಾಯಿ, ನರಿ, ಕಾಡುಬೆಕ್ಕು ಗೂಡಿನ ತನಕ ಬರಲಾರವು. ಕೆರೆಯ ನೀರು ಇಳಿದು ಗಿಡದ ಬುಡ ಒಣಗಿದರೆ ಆ ಬೇಲಿ ಕಿತ್ತುಹೋದ ಹಾಗೆ. ಎರಡನೆಯದು ಹೊಟ್ಟೆಪಾಡು. ಮರಿಗೆ ಮೀನು ಬೇಕು, ಕಪ್ಪೆ ಬೇಕು. ತೆರೆದ ಕೊಕ್ಕಿನ ಕೊಕ್ಕರೆಗೆ ಬಸವನಹುಳು ಬೇಕು. ಇದೆಲ್ಲಾ ಕೆರೆಯೊಳಗೇ ಸಿಗುವುದಿಲ್ಲ. ಸುತ್ತಲಿನ ಗದ್ದೆಗಳು, ತುಂಗಭದ್ರಾ ಹಿನ್ನೀರು, ಇವೆಲ್ಲ ಹಕ್ಕಿಗಳ ಅಡುಗೆಮನೆ. ಅಂದರೆ ಹಕ್ಕಿ ಉಳಿಯಬೇಕಾದ್ರೆ ಕೆರೆಗೆ ಬೇಲಿ ಹಾಕಿದರೆ ಸಾಲದು, ಸುತ್ತಲಿನ ರೈತನ ಗದ್ದೆಗೆ ಯಾವ ಔಷಧಿ ಬೀಳುತ್ತದೆ ಎಂಬುದೂ ಮುಖ್ಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ಕಡಿದು ನೀರು ಹರಿದು ಹೋದಾಗ ನಾವು ಬೆಳೆಯ ಬಗ್ಗೆ ಮಾತ್ರ ಯೋಚಿಸಿದೆವು. ಆ ಹಿನ್ನೀರನ್ನು ನಂಬಿದ ಜೀವಗಳು ನಮ್ಮ ಲೆಕ್ಕದಲ್ಲಿ ಇರಲಿಲ್ಲ.

ಹಕ್ಕಿ ತಿನ್ನುವುದಷ್ಟೇ ಅಲ್ಲ, ಕೊಡುತ್ತದೆ ಕೂಡ. ಅದರ ಹಿಕ್ಕೆ ನೀರಿಗೆ ಬಿದ್ದು ಗೊಬ್ಬರವಾಗುತ್ತದೆ, ಅದರಿಂದ ಪಾಚಿ, ಪಾಚಿಯಿಂದ ಸಣ್ಣ ಹುಳ, ಹುಳದಿಂದ ಮೀನು. ಅದೇ ನೀರು ತೂಬಿನಿಂದ ಹೊಲಕ್ಕೆ ಹೋದರೆ ಗೊಬ್ಬರದ ನೀರೇ ಹೋಗುತ್ತದೆ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನ ರೈತರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಮರದ ಕೆಳಗೆ ಗುಂಡಿ ತೋಡಿ ಹಿಕ್ಕೆ ಕೂಡಿಸಿ ಹೊಲಕ್ಕೆ ಹಾಕುತ್ತಿದ್ದರು.

ಕೊಕ್ಕರೆ ಬೆಳ್ಳೂರಿನ ಮಾತು ಬಂದದ್ದರಿಂದ ಅಲ್ಲಿ ಸ್ವಲ್ಪ ನಿಲ್ಲೋಣ. ಅಲ್ಲಿ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆ ಊರೊಳಗಿನ ಹುಣಸೆ ಮರಗಳ ಮೇಲೆಯೇ, ಮನೆ ಸೂರಿನ ಎತ್ತರಕ್ಕೆ ಗೂಡು ಕಟ್ಟುತ್ತವೆ. ಹಕ್ಕಿ ಬಂದ್ರೆ ಊರಿಗೆ ಮಳೆ-ಬೆಳೆ ಚಲೋ ಅಂತ ಜನರ ನಂಬಿಕೆ. ಆದರೆ ನಂಬಿಕೆಗೆ ಹೊಟ್ಟೆ ತುಂಬುವುದಿಲ್ಲ. ಗೂಡು ಕಟ್ಟಿದ ಮರದ ಹುಣಸೆ ಫಸಲು ಹಾಳು. ಕೂಡ್ಲಿಗಿಯವರಿಗೆ ಹುಣಸೆಯ ಬೆಲೆ ಏನಂತ ನಾವು ಹೇಳಬೇಕಾಗಿಲ್ಲ. ಮರ ಕಡಿದು ಮಾರಿದರೆ ಒಂದೇ ಸಲಕ್ಕೆ ದುಡ್ಡು. ಅದಕ್ಕೇ ಅರಣ್ಯ ಇಲಾಖೆಯವರು ಮರದ ಮಾಲೀಕರಿಗೆ ಮರಕ್ಕೆ ಇಷ್ಟು ಅಂತ ಪರಿಹಾರ ಕೊಡುವ ಪದ್ಧತಿ ಮಾಡಿದರು. ಮೈಸೂರಿನ ಪರಿಸರಾಸಕ್ತರು ಮತ್ತು ಊರಿನ ಯುವಕರು ಸೇರಿ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಟ್ಟರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು.

ಇಷ್ಟೆಲ್ಲಾ ಒಳ್ಳೆಯದಾದರೂ ಅಲ್ಲಿ ಕಷ್ಟ ತಪ್ಪಲಿಲ್ಲ. 2017ರ ಕೊನೆಯಿಂದ 2018ರ ವರೆಗೆ ಹಲವಾರು ಹೆಜ್ಜಾರ್ಲೆಗಳು ಹೊಟ್ಟೆಯಲ್ಲಿ ಜಂತುಹುಳ ಸೇರಿ ಸತ್ತವು. ಹುಳ ಬಂದದ್ದು ಮೀನಿನಿಂದ, ಹಕ್ಕಿ ಮೀನು ಹಿಡಿಯುತ್ತಿದ್ದದ್ದು ಸುತ್ತಲಿನ ಕೆಟ್ಟುಹೋದ ನೀರಿನಲ್ಲಿ. ಊರಿನವರು ಎಷ್ಟೇ ಪ್ರೀತಿಯಿಂದ ಸಾಕಿದರೂ ಪಕ್ಕದ ಕೆರೆಗೆ ಚರಂಡಿ ಬಿಟ್ಟರೆ ಮುಗಿಯಿತು. ಅಂಕಸಮುದ್ರದವರು ಒಬ್ಬರೇ ಹಕ್ಕಿ ಕಾಯಲಾರರು, ಸುತ್ತಲಿನ ಹಳ್ಳಿಗಳೂ ಕೈ ಹಚ್ಚಬೇಕು ಅಂತ ನಾವು ಹೇಳುವುದು ಇದಕ್ಕೇ.

ಈಗ ದುಡ್ಡಿನ ಮಾತಿಗೆ ಬರೋಣ. ಸಂಘದಲ್ಲಿ ಪುಸ್ತಕ ಬರೆಯುವ ತಂಗಿಯರು ಈ ಲೆಕ್ಕ ಹಾಕಿ ನೋಡಲಿ. ಒಂದು ಭಾನುವಾರ ಐವತ್ತು ಜನ ಹಕ್ಕಿ ನೋಡಲು ಬಂದರು ಎಂದುಕೊಳ್ಳಿ. ಹೊಸಪೇಟೆಯ ಹೋಟೆಲಿನಲ್ಲಿ ಉಳಿದು, ಅಲ್ಲೇ ತಿಂಡಿ ಕಟ್ಟಿಸಿಕೊಂಡು, ಅಲ್ಲಿಯ ಕಾರಿನಲ್ಲೇ ಬಂದು, ಎರಡು ತಾಸು ನೋಡಿ ಹೋದರು. ಊರಿಗೆ ಸಿಕ್ಕಿದ್ದೇನು? ಐವತ್ತು ನೀರಿನ ಬಾಟಲಿ, ಐವತ್ತು ತಟ್ಟೆ. ಅದೇ ಐವತ್ತು ಜನ ಊರಿನಲ್ಲಿ ತಲಾ 150 ರೂಪಾಯಿಯ ರೊಟ್ಟಿ ಊಟ ಮಾಡಿದರೆ 7,500 ರೂಪಾಯಿ. ಹತ್ತು ಜನಕ್ಕೊಬ್ಬ ಊರಿನ ಹುಡುಗ ಹಕ್ಕಿ ತೋರಿಸಿ 500 ತೆಗೆದುಕೊಂಡರೆ 2,500. ಒಟ್ಟು ಹತ್ತು ಸಾವಿರ ಒಂದು ದಿನಕ್ಕೆ ಊರಲ್ಲೇ ಉಳಿಯಿತು. ಜನ ಅಷ್ಟೇ, ಹಕ್ಕಿ ಅಷ್ಟೇ, ವ್ಯತ್ಯಾಸ ಇಷ್ಟು. ಹೀಗಾಗಿ ಎಷ್ಟು ಜನ ಬಂದ್ರು ಅನ್ನುವ ಅಂಕಿ ನಮಗೆ ಮುಖ್ಯವಲ್ಲ. ಬಂದವರ ದುಡ್ಡು ಎಲ್ಲಿ ಇಳಿಯಿತು ಅನ್ನುವುದು ಮುಖ್ಯ.

ಆದರೆ ಅಕ್ಕಂದಿರೇ, ಒಂದು ಎಚ್ಚರಿಕೆ. ಇದನ್ನು ಕೇಳಿ ನಾಳೆಯೇ ಸಂಘದಿಂದ ಸಾಲ ತೆಗೆದು ಹೋಟೆಲು ಹಾಕಬೇಡಿ. ವಲಸೆ ಹಕ್ಕಿಗಳು ಬರುವುದು ಚಳಿಗಾಲದಲ್ಲಿ. ಮಳೆ ಕೈಕೊಟ್ಟ ವರ್ಷ ಕೆರೆಯಲ್ಲಿ ನೀರಿಲ್ಲ, ನೀರಿಲ್ಲದಿದ್ದರೆ ಹಕ್ಕಿಯಿಲ್ಲ, ಹಕ್ಕಿಯಿಲ್ಲದಿದ್ದರೆ ಪ್ರವಾಸಿಯಿಲ್ಲ. ಆದರೆ ಕಂತು ಮಾತ್ರ ತಿಂಗಳು ತಿಂಗಳು ಕಟ್ಟಬೇಕು. ಇದು ಹೈನಿನಂತೆ, ಕುರಿ ಸಾಕಿದಂತೆ ವರ್ಷವಿಡೀ ನಡೆಯುವ ಬದುಕಲ್ಲ. ಇರುವ ಬದುಕಿನ ಜೊತೆ ಒಂದಿಷ್ಟು ಮೇಲಾದಾಯ ಅಂತ ಇಟ್ಟುಕೊಳ್ಳಿ. ಮನೆಯಲ್ಲಿರುವ ಒಲೆ, ಮನೆಯಲ್ಲಿರುವ ಪಾತ್ರೆ, ಮುಂಚಿತವಾಗಿ ಹೇಳಿದವರಿಗೆ ಮಾತ್ರ ಊಟ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಪಟ್ಟಣದವರು ಇದಕ್ಕೇ ಆಸೆ ಪಡುತ್ತಾರೆ, ಅವರಿಗಾಗಿ ನೂಡಲ್ಸ್ ಕಲಿಯಬೇಕಾಗಿಲ್ಲ! ಉಳಿದ ಶೇಂಗಾ ಚಟ್ನಿಪುಡಿಯನ್ನು ಪೊಟ್ಟಣ ಮಾಡಿದರೆ ಅದು ಕೆಡುವುದೂ ಇಲ್ಲ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಆ ಹೂವಿನ ಒಂದು ಮೊಳ ಬಂದವರ ಕೈಗೆ ಹೋಗಲಿ.

ಮನೆಯಲ್ಲಿ ಪ್ರವಾಸಿಗರನ್ನು ಉಳಿಸಿಕೊಳ್ಳುವ ಹೋಂಸ್ಟೇ ವಿಚಾರದಲ್ಲಿ ನಮ್ಮ ಸಲಹೆ: ನಿಧಾನಿಸಿ. ಅದಕ್ಕೆ ನೋಂದಣಿ ಬೇಕು, ಬಂದವರ ಹೆಸರು ವಿಳಾಸ ಬರೆದಿಡಬೇಕು, ಪೊಲೀಸರಿಗೆ ತಿಳಿದಿರಬೇಕು. 2025ರ ಮಾರ್ಚ್‌ನಲ್ಲಿ ಹೊಳೆಯಾಚೆ ಸಾಣಾಪುರದ ಹತ್ತಿರ ಪ್ರವಾಸಿಗರ ಮೇಲೆ, ಅವರ ಜೊತೆಗಿದ್ದ ಹೋಂಸ್ಟೇಯ ಮಹಿಳೆಯ ಮೇಲೆ ನಡೆದ ಘೋರ ಕೃತ್ಯವನ್ನು ನೀವೆಲ್ಲ ಕೇಳಿದ್ದೀರಿ. ಒಬ್ಬ ಯುವಕ ಕಾಲುವೆಯಲ್ಲಿ ಪ್ರಾಣ ಕಳೆದುಕೊಂಡ. ಬಂದವರ ಸುರಕ್ಷತೆ ಮತ್ತು ನಮ್ಮ ಹೆಣ್ಣುಮಕ್ಕಳ ಸುರಕ್ಷತೆ ಎರಡೂ ನಮ್ಮ ಮೇಲೆ ಬರುತ್ತದೆ.

ಹಂಪಿಯಿಂದಲೂ ಕಲಿಯುವುದಿದೆ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಜನ ಬಂದರು, ಬಜಾರದ ಸಾಲುಮಂಟಪಗಳಲ್ಲಿ ಅಂಗಡಿ ಬಂದವು, ಮನೆಗಳು ಬಂದವು, ಎರಡು ಮೂರು ತಲೆಮಾರು ಅಲ್ಲೇ ಬದುಕು ಕಟ್ಟಿಕೊಂಡಿತು. 2011ರ ಜುಲೈ ಕೊನೆಯಲ್ಲಿ ಒಂದೆರಡು ದಿನದ ಗಡುವಿನಲ್ಲಿ ಜೆಸಿಬಿ ಬಂದು ಎಲ್ಲವನ್ನೂ ತೆಗೆದು ಹಾಕಿತು. ಮುಂದೆ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು ಮಾರ್ಚ್‌ನಲ್ಲಿ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ನೆಲಸಮವಾದವು. ಸ್ಮಾರಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಕಾನೂನು ಮೀರಿ ಕಟ್ಟಿದ್ದು ನಿಲ್ಲುವುದಿಲ್ಲ ಎಂಬುದೂ ನಿಜ. ಆದರೆ ಪ್ರತಿ ಸಲ ಪೆಟ್ಟು ಮೊದಲು ಬೀಳುವುದು ಪಾತ್ರೆ ತೊಳೆಯುವ, ಚಹಾ ಮಾರುವ, ಬೈಕು ಬಾಡಿಗೆ ಕೊಡುವ ಮನುಷ್ಯನಿಗೆ. ದುಡ್ಡಿದ್ದವ ಇನ್ನೊಂದು ಕಡೆ ಹೋಗಿ ಕಟ್ಟುತ್ತಾನೆ. ನಿಯಮ ಏನು ಅಂತ ಮೊದಲೇ ಕೇಳಿಕೊಂಡು, ಬರಹದಲ್ಲಿ ಪಡೆದುಕೊಂಡು ಕೆಲಸ ಶುರು ಮಾಡಬೇಕು. ಕೆರೆ ಏರಿಯ ಮೇಲೆ ತಗಡಿನ ಅಂಗಡಿ ಹಾಕಿ ಆಮೇಲೆ ನೋಡೋಣ ಅನ್ನುವುದು ಬೇಡ.

ನಿಯಮದ ಮಾತು ಬಂದಾಗ ನಮ್ಮ ಪರವಾಗಿ ಇರುವುದನ್ನೂ ತಿಳಿದಿರಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದು. 2002ರ ತಿದ್ದುಪಡಿಯಲ್ಲಿ ಸಂರಕ್ಷಣಾ ಮೀಸಲು ಎಂಬ ಹೊಸ ಬಗೆ ಸೇರಿತು. ಅದರ 36ಎ ಕಲಮಿನ ಪ್ರಕಾರ ಸ್ಥಳೀಯ ಜನರ ಜೊತೆ ಸಮಾಲೋಚನೆ ಮಾಡಿಯೇ ಘೋಷಿಸಬೇಕು. 36ಬಿ ಕಲಮಿನ ಪ್ರಕಾರ ಒಂದು ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ಮೀಸಲು ಪ್ರದೇಶ ಯಾವ ಯಾವ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದೆಯೋ ಆ ಒಂದೊಂದು ಪಂಚಾಯಿತಿಯಿಂದ ಒಬ್ಬ ಪ್ರತಿನಿಧಿ, ವನ್ಯಜೀವಿ ರಕ್ಷಣೆಯಲ್ಲಿ ಕೆಲಸ ಮಾಡುವ ಸಂಸ್ಥೆಗಳಿಂದ ಮೂವರು, ಕೃಷಿ ಇಲಾಖೆ ಮತ್ತು ಪಶುಸಂಗೋಪನಾ ಇಲಾಖೆಯಿಂದ ಒಬ್ಬೊಬ್ಬರು ಇರಬೇಕು. ಇದು ಯಾರೂ ದಯೆಯಿಂದ ಕೊಡುವುದಲ್ಲ, ಕಾನೂನಿನಲ್ಲೇ ಬರೆದದ್ದು. ಹಾಗಾದರೆ ಪಂಚಾಯಿತಿಯ ಪ್ರತಿನಿಧಿ ಯಾರು, ಸಭೆ ಯಾವಾಗ ನಡೆಯಿತು, ಏನು ತೀರ್ಮಾನವಾಯಿತು ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ. ನಮ್ಮ ಅಭಿಪ್ರಾಯ ಕೇಳಿದರೆ ಆ ಪ್ರತಿನಿಧಿ ಹೆಣ್ಣುಮಗಳಾಗಿದ್ದರೆ ಚಲೋ. ಕೆರೆಯ ನೀರು ಯಾವ ತಿಂಗಳು ಎಲ್ಲಿಗೆ ಇಳಿಯುತ್ತದೆ ಅಂತ ಗಂಡಸರಿಗಿಂತ ಹೆಂಗಸರಿಗೆ ಚೆನ್ನಾಗಿ ಗೊತ್ತು.

ಅದೇ ಕಾಯ್ದೆ ಕಸ ಬಿಸಾಡುವುದನ್ನು, ಪ್ರಾಣಿಪಕ್ಷಿಗಳನ್ನು ಕಾಡಿಸುವುದನ್ನು, ಬೆಂಕಿ ಹಚ್ಚುವುದನ್ನು, ಸಿಡಿಮದ್ದು ಬಳಸುವುದನ್ನು ಮೀಸಲಿನೊಳಗೆ ತಡೆಯುತ್ತದೆ. ಪಟಾಕಿ ಹಚ್ಚಿ ಹಕ್ಕಿ ಎಬ್ಬಿಸಿ ಫೋಟೋ ತೆಗೆಯಲು ಬಂದವರಿಗೆ ಊರಿನ ಯಾರೇ ಆಗಲಿ ಧೈರ್ಯವಾಗಿ ಬೇಡ ಅನ್ನಬಹುದು. ಒಂದು ಸಲ ಹಕ್ಕಿ ಹೆದರಿ ಗೂಡು ಬಿಟ್ಟೆದ್ದರೆ ಆ ಹೊತ್ತಿನಲ್ಲಿ ಕಾಗೆ ಮೊಟ್ಟೆ ಒಯ್ಯುತ್ತದೆ, ಎಳೆ ಮರಿ ಬಿಸಿಲಿಗೆ ಒಣಗುತ್ತದೆ. ಡ್ರೋನು ಹಾರಿಸಿದರೂ ಅದೇ ಕಥೆ. ತಮಿಳುನಾಡಿನ ವೇಟ್ಟಂಗುಡಿ ಪಕ್ಷಿಧಾಮದ ಸುತ್ತಲಿನ ಹಳ್ಳಿಯವರು ದೀಪಾವಳಿಗೆ ಪಟಾಕಿ ಹಚ್ಚುವುದನ್ನೇ ಬಿಟ್ಟಿದ್ದಾರೆ. ಮಕ್ಕಳಿಗೆ ಅದು ಸಣ್ಣ ತ್ಯಾಗವಲ್ಲ ನೋಡ್ರಿ.

ನೀರಿನ ವಿಚಾರದಲ್ಲಿ ಮಾತ್ರ ನಾವು ಮುಚ್ಚುಮರೆ ಮಾಡುವುದಿಲ್ಲ. ಕೆರೆ ಕಟ್ಟಿದ್ದೇ ಹೊಲಕ್ಕೆ. ಅಚ್ಚುಕಟ್ಟಿನ ರೈತನಿಗೆ ಪೈರು ಒಣಗುವ ಹೊತ್ತಿಗೆ ತೂಬು ತೆಗೆಯಬೇಕು, ಮೀನು ಹಿಡಿಯುವವನಿಗೆ ಬಲೆ ಬೀಸಬೇಕು, ಕುರಿಗಾರನಿಗೆ ಕೆರೆಯಂಗಳದ ಹುಲ್ಲು ಬೇಕು, ಹಕ್ಕಿಗೆ ಗಿಡದ ಬುಡದಲ್ಲಿ ನೀರು ನಿಲ್ಲಬೇಕು. ಈ ನಾಲ್ವರಿಗೂ ಒಂದೇ ಕೆರೆ. ಪ್ರವಾಸಿಯಿಂದ ಬರುವ ದುಡ್ಡು ರೊಟ್ಟಿ ಮಾರುವ ಮನೆಗೆ ಹೋಗಿ, ನೀರು ಬಿಟ್ಟುಕೊಟ್ಟ ರೈತನಿಗೆ ಏನೂ ಸಿಗದಿದ್ದರೆ ಆತ ಎಷ್ಟು ದಿನ ಸುಮ್ಮನಿದ್ದಾನು? ವಾಹನ ನಿಲುಗಡೆ ಶುಲ್ಕವೋ, ಪ್ರವೇಶ ಶುಲ್ಕವೋ ಏನೇ ಇಟ್ಟರೂ ಅದರ ಒಂದು ಭಾಗ ಕೆರೆಯ ಕಾಲುವೆ, ತೂಬು, ಏರಿಯ ದುರಸ್ತಿಗೆ ಹೋಗಬೇಕೆಂದು ಗ್ರಾಮಸಭೆ ಒತ್ತಾಯಿಸಬೇಕು. ಎಷ್ಟು ನೀರು ಉಳಿಸಬೇಕು ಎಂಬುದನ್ನು ಬೆಂಗಳೂರಿನಲ್ಲಿ ಕೂತವರು ಹೇಳುವ ಬದಲು ರೈತರನ್ನು ಕೂರಿಸಿಕೊಂಡು ಏರಿಯ ಕಲ್ಲಿನ ಮೇಲೆ ಗುರುತು ಹಾಕಿದರೆ ಜಗಳ ಕಡಿಮೆ.

ಇನ್ನು ಗುಡೇಕೋಟೆ. ಕೂಡ್ಲಿಗಿಯವರು ಆಗಿನಿಂದ ಹಕ್ಕಿ ಕಥೆ ಕೇಳಿ ಬೇಸತ್ತಿರಬಹುದು, ಅವರ ಕಷ್ಟವೇ ಬೇರೆ. 1994ರಲ್ಲಿ ದರೋಜಿ ಕರಡಿಧಾಮ ಆಯಿತು, 2013ರಲ್ಲಿ ಗುಡೇಕೋಟೆ ಕರಡಿಧಾಮ ಆಯಿತು, ಮುಂದೆ ಅದನ್ನು ವಿಸ್ತರಿಸಿದರು. ಕೊಕ್ಕರೆ ಯಾರ ಮೈಮೇಲೂ ಬೀಳುವುದಿಲ್ಲ, ಕರಡಿ ಬೀಳುತ್ತದೆ. ಗೆದ್ದಲು, ಜೇನು, ಬಾರೆಹಣ್ಣು, ಕವಳೆಹಣ್ಣು ಗುಡ್ಡದಲ್ಲಿ ಸಾಲದಿದ್ದರೆ ಶೇಂಗಾ ಹೊಲಕ್ಕೆ, ಮೆಕ್ಕೆಜೋಳಕ್ಕೆ ಇಳಿಯುತ್ತದೆ. ನಸುಕಿನಲ್ಲಿ ಹೊಲಕ್ಕೆ ಹೋದವರು, ಕಟ್ಟಿಗೆಗೆ ಹೋದವರು ಎದುರಾದರೆ, ಅದರಲ್ಲೂ ಬೆನ್ನ ಮೇಲೆ ಮರಿ ಹೊತ್ತ ತಾಯಿ ಎದುರಾದರೆ, ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಗುಡೇಕೋಟೆಯಲ್ಲಿ ಪ್ರವಾಸದ ಮಾತಿಗಿಂತ ಮೊದಲು ಪರಿಹಾರದ ಮಾತು ಬರಬೇಕು. ಬೆಳೆ ಹಾನಿಗೆ, ಗಾಯಕ್ಕೆ, ಪ್ರಾಣಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಇದೆ. ಕೂಡಲೇ ಅರ್ಜಿ ಕೊಡಿ, ಫೋಟೋ ತೆಗೆದಿಡಿ, ಪಹಣಿ ಜೋಡಿಸಿ, ಸ್ವೀಕೃತಿ ಪಡೆಯಿರಿ. ಬರೆಯಲು ಬಾರದವರಿಗೆ ಸಂಘದ ಪುಸ್ತಕ ಬರೆಯುವವರು ಬರೆದುಕೊಡಿ.

ದರೋಜಿಯಲ್ಲಿ ಬಂಡೆಗೆ ಬೆಲ್ಲದ ಪಾಕ ಸವರಿ, ಮಧ್ಯಾಹ್ನ ಕರಡಿ ನೆಕ್ಕಲು ಬಂದಾಗ ವೀಕ್ಷಣಾ ಗೋಪುರದಿಂದ ತೋರಿಸುವ ಪದ್ಧತಿ ಇದೆ. ಜನಕ್ಕೆ ಅದು ಬಹಳ ಇಷ್ಟ. ಗುಡೇಕೋಟೆಗೂ ಅದೇ ಬೇಕು ಅಂತ ಕೇಳುವವರಿದ್ದಾರೆ. ನಮಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಊರ ಹೊಲ ಇಷ್ಟು ಹತ್ತಿರ ಇರುವ ಕಡೆ ಕರಡಿಗೆ ಬೆಲ್ಲದ ರುಚಿ ಹತ್ತಿಸುವುದು ಯಾಕೆ? ಅದರ ಬದಲು ಗುಡೇಕೋಟೆಯ ಕೋಟೆ, ಜರಿಮಲೆಯ ಕೋಟೆ, ಆ ಬಂಡೆಗುಡ್ಡಗಳ ಚೆಲುವು, ಒನಕೆ ಓಬವ್ವನ ತವರು ಎಂಬ ಜನಜನಿತ ಮಾತು, ಇವನ್ನು ಹಗಲು ಹೊತ್ತಿನಲ್ಲಿ ಊರಿನ ಹುಡುಗರೇ ತೋರಿಸಬಹುದು. ಕರಡಿ ಕಂಡರೆ ಅದೃಷ್ಟ, ಕಾಣದಿದ್ದರೂ ದಿನ ವ್ಯರ್ಥವಲ್ಲ.

ಧಾಮದ ಒಳಗೂ ಅಂಚಿಗೂ ಉಳುಮೆ ಮಾಡುತ್ತಾ ಬಂದವರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆ. ಅದು ಅಭಯಾರಣ್ಯಕ್ಕೂ ಅನ್ವಯಿಸುತ್ತದೆ. ಪರಿಶಿಷ್ಟ ಪಂಗಡದವರನ್ನು ಬಿಟ್ಟು ಉಳಿದವರು 75 ವರ್ಷದ ವಾಸ ತೋರಿಸಬೇಕು. ತಾಂಡಾದ ಲಂಬಾಣಿ ಬಂಧುಗಳು ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಲ್ಲಿದ್ದಾರೆ, ಹೀಗಾಗಿ ಅವರಿಗೂ ಈ 75 ವರ್ಷದ ಷರತ್ತು ಬರುತ್ತದೆ. ಹಳೆಯ ಕಂದಾಯ ರಸೀದಿ, ಹಿರಿಯರ ಹೇಳಿಕೆ ಏನಿದ್ದರೂ ಈಗಲೇ ಜೋಪಾನ ಮಾಡಿರಿ.

ಯುವಕರಿಗೆ ಒಂದು ಮಾತು. ಹರಪನಹಳ್ಳಿ, ಕೂಡ್ಲಿಗಿಯಿಂದ ಕಾಫಿ ಸೀಮೆಗೆ, ಬೆಂಗಳೂರಿಗೆ, ಕಬ್ಬು ಕಡಿಯಲು ಮಂಡ್ಯಕ್ಕೆ ಹೋಗುವವರ ಲೆಕ್ಕ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಹಕ್ಕಿಯಿಂದ, ಕರಡಿಯಿಂದ ಆ ವಲಸೆ ನಿಲ್ಲುತ್ತದೆ ಅಂತ ಹೇಳಿದರೆ ಅದು ಸುಳ್ಳು. ನಾಲ್ಕೈದು ಹುಡುಗರು ಊರಲ್ಲಿ ಉಳಿದರೆ ಅದೇ ದೊಡ್ಡದು. ಅದಕ್ಕೆ ತರಬೇತಿ ಬೇಕು. ಹಕ್ಕಿಯ ಕನ್ನಡ ಹೆಸರು, ಇಂಗ್ಲಿಷ್ ಹೆಸರು ಎರಡೂ ಬರಬೇಕು, ಯಾವುದು ಊರಿನದು ಯಾವುದು ದೂರದಿಂದ ಬಂದದ್ದು ಅಂತ ಹೇಳಲು ಬರಬೇಕು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತನ್ನು ನೋಡಲು ಮಾಗಡಿ ಕೆರೆಗೆ ಒಂದು ದಿನ ಹೋಗಿ ಬನ್ನಿ. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನದಲ್ಲಿ ನಮ್ಮ ಶಾಲೆಗಳ ಮಕ್ಕಳು ನಮ್ಮದೇ ಕೆರೆ ನೋಡುವಂತಾಗಲಿ. ಬೆಂಗಳೂರಿನವರು ನೋಡಿ ಹೋದ ಹಕ್ಕಿಯನ್ನು ಪಕ್ಕದ ಹಳ್ಳಿಯ ಹುಡುಗಿ ನೋಡಿಲ್ಲ ಅಂದ್ರೆ ಹೇಗೆ?

ತುಂಗಭದ್ರಾ ಅಣೆಕಟ್ಟೆ ಆದಾಗ ಮುಳುಗಿದ ನಾರಾಯಣದೇವರಕೆರೆಯಂತಹ ಊರುಗಳ ಮಕ್ಕಳು ಮೊಮ್ಮಕ್ಕಳು ಈ ಭಾಗದಲ್ಲಿ ಎಷ್ಟೋ ಜನ ಇದ್ದಾರೆ. ದೇಶಕ್ಕೆ ಒಳ್ಳೆಯದಾಗುತ್ತದೆ ಎಂದರು, ಊರು ಬಿಟ್ಟರು. ಆಗ ಅವರನ್ನು ಯಾರೂ ಕೂರಿಸಿ ಕೇಳಲಿಲ್ಲ. ಈಗ ಕೇಳಬೇಕೆಂಬ ಕಾನೂನೇ ಇದೆ. ಅದಕ್ಕೇ ಮುಂದಿನ ಗ್ರಾಮಸಭೆಗೆ ಮೂರು ವಿಷಯ ಬರೆದುಕೊಡಿ: ನಿರ್ವಹಣಾ ಸಮಿತಿಯ ಪಟ್ಟಿ ಮತ್ತು ಅದರ ನಡಾವಳಿ ನೋಟೀಸು ಬೋರ್ಡಿಗೆ ಹಚ್ಚಬೇಕು. ವಾಹನ ನಿಲ್ಲಿಸುವ ಜಾಗ ಏರಿಯಿಂದ ದೂರ, ಊರಿನ ಹತ್ತಿರ ಇರಬೇಕು, ಆಗ ಜನ ಊರೊಳಗಿಂದ ನಡೆದು ಹೋಗುತ್ತಾರೆ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ 2002ರ ಕಾಯ್ದೆಯಂತೆ ಬರೆದಿಡಬೇಕಾದ ದಾಖಲೆ ಪುಸ್ತಕವನ್ನು ಓದಿ ಹೇಳಬೇಕು. ಅರ್ಜಿಯ ಕೆಳಗೆ ಸಂಘದ ಮೊಹರು ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ.

ನಮ್ಮ ಮಾತು ಉದ್ದವಾಯಿತು. ಈಗ ನೀವು ಕೇಳಿ. ಗುಡೇಕೋಟೆ ಕಡೆಯ ಅಕ್ಕಂದಿರು ಮೊದಲು ಮಾತಾಡಲಿ, ಅವರ ಬಸ್ಸು ಬೇಗ ಐತಿ.